ಎಡಸುತ್ತು

ಪಿಳ್ಳಪ್ಪ ವೀಳ್ಯ ಹಿಡಿದು ಬಂದ ಹೊತ್ತಿಗೆ ಬ್ಯಾಟರಾಯಪ್ಪ ಹಿತ್ತಲ ಕಲ್ಲಿನ ಮೇಲೆ ಕೂತು, ಬಿದಿರಿನ ಎರಡು ಸೀಳುಗಳನ್ನು ತನ್ನ ಬಲಗೈಗೆ ಕಟ್ಟಿಕೊಳ್ಳಲು ಹೆಣಗುತ್ತಿದ್ದ. ಹುರಿಯ ಒಂದು ತುದಿ ಹಲ್ಲಿನಲ್ಲಿತ್ತು, ಇನ್ನೊಂದು ಎಡಗೈಯಲ್ಲಿ. ಬಲಗೈ ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ತೊಡೆಯ ಮೇಲೆ ಬಿದ್ದಿತ್ತು.

"ಮಗಳ ಮದ್ವೆ ಗೊತ್ತಾಯ್ತು ಕಣೋ ಬ್ಯಾಟ್ರಾಯ," ಎಂದ ಪಿಳ್ಳಪ್ಪ. "ಮಾಘದಾಗೆ. ಐರಣೆ ಮಡಕೆ ನಿನ್ ಮನೇದೇ. ನಮ್ಮಪ್ಪನ ಮದ್ವೇಗೂ ನಿಮ್ ತಾತನೇ ಅಲ್ವಾ ಕೊಟ್ಟಿದ್ದು."

ಬ್ಯಾಟರಾಯಪ್ಪ ಎದ್ದು ನಿಲ್ಲಲು ನೋಡಿದ. ಪಿಳ್ಳಪ್ಪ ಅವನ ಭುಜ ಒತ್ತಿ ಕೂರಿಸಿದ. ಆಮೇಲೆ ಆ ಕೈಯನ್ನೇ ನೋಡುತ್ತಾ ನಿಂತ.

"ಆಗ್ತದಾ? ಆಗಲ್ಲ ಅಂದ್ರೆ ಈಗ್ಲೇ ಹೇಳ್ಬುಡು, ಬ್ಯಾಸರ ಇಲ್ಲ. ಯಲಹಂಕದೋರು ಮಾಡ್ಕೊಡ್ತೀವಿ ಅಂತ ಕೇಳ್ತಾವ್ರೆ."

ಬ್ಯಾಟರಾಯಪ್ಪನ ಬಾಯಿಂದ ಏನೋ ಹೊರಟಿತು. ಲಕ್ವ ಹೊಡೆದ ಮೇಲೆ ಅವನ ಮಾತು ಒದ್ದೆ ಮಣ್ಣಿನ ಹಾಗೆ ಒಂದಕ್ಕೊಂದು ಅಂಟಿಕೊಂಡು ಬರುತ್ತಿತ್ತು. ಬಿಡಿಸಿಕೊಳ್ಳಬಲ್ಲವಳು ಹೆಂಡತಿ ಗೋಪಾಲಮ್ಮ ಒಬ್ಬಳೇ. ಅವಳು ಬಾಗಿಲಿಂದ ಹೇಳಿದಳು: "ಆಗ್ತದೆ ಅಂತಾವ್ನೆ. ವೀಳ್ಯ ಕೊಡಿ ಅಂತಾವ್ನೆ."

ಪಿಳ್ಳಪ್ಪ ವೀಳ್ಯವನ್ನು ಎಡಗೈಗೆ ಕೊಡಲೋ ಬೇಡವೋ ಎಂದು ತಡೆದು, ಕೊನೆಗೆ ಗೋಪಾಲಮ್ಮ ಒಡ್ಡಿದ ಸೆರಗಿಗೆ ಹಾಕಿ ಹೋದ.

ಜಾಲಹಳ್ಳಿಯಲ್ಲಿ ಮದುವೆ ಎಂದರೆ ಮೊದಲು ಹೆಂಗಸರು ವಾಲಗದ ಜೊತೆ ಕುಂಬಾರನ ಮನೆಗೆ ಬರಬೇಕು. ಸುಣ್ಣದ ಬಿಳುಪಿನ ಮೇಲೆ ಕೆಮ್ಮಣ್ಣಿನ ಗೆರೆ ಎಳೆದ ಐರಣೆ ಮಡಕೆಗಳನ್ನು ತಲೆಯ ಮೇಲೆ ಹೊತ್ತು, ಮೇಲೆ ಹಿಡಿದ ಮೇಲುಕಟ್ಟಿನ ಬಟ್ಟೆಯ ನೆರಳಲ್ಲಿ ಚಪ್ಪರಕ್ಕೆ ತರಬೇಕು. ಅವು ಬಂದು ಕೂತ ಮೇಲೆಯೇ ಅದು ಮದುವೆಯ ಮನೆ. ಉಳಿದ ಮಡಕೆಗಳ ಕಾಲ ಮುಗಿಯುತ್ತಾ ಬಂದಿತ್ತು. ಕಾರ್ಖಾನೆ ಬಂತು, ಅದರ ಹಿಂದೆ ಕ್ವಾರ್ಟರ್ಸು, ನಲ್ಲಿ, ಅಲ್ಯುಮಿನಿಯಂ ತಪ್ಪಲೆ. ಸೈರನ್ ಕೂಗಿದಾಗ ಸೈಕಲ್ಲಿನಲ್ಲಿ ಹೋಗುವ ಜನ ಮಡಕೆಯಲ್ಲಿ ಅನ್ನ ಬೇಯಿಸುವವರಲ್ಲ. ಬ್ಯಾಟರಾಯಪ್ಪನ ಮನೆಗೆ ಊರಲ್ಲಿ ಉಳಿದಿದ್ದ ಮರ್ಯಾದೆ ಆ ಮದುವೆಯ ಮಡಕೆಗಳದ್ದು ಮಾತ್ರ. ಅದೂ ಹೋದರೆ ಅವನನ್ನು ಹೆಸರು ಹಿಡಿದು ಕರೆಯಲು ಊರಿಗೆ ಕಾರಣವೇ ಇರಲಿಲ್ಲ.

ಲಕ್ವ ಹೊಡೆಯುವ ಮುಂಚೆ ಅವನ ಕೆಲಸ ನೋಡಲೆಂದೇ ಜನ ಬಂದು ನಿಲ್ಲುತ್ತಿದ್ದರು. ಆಂಜನೇಯನ ಗುಡಿಯಲ್ಲಿ ವೆಂಕಟರಾಮಯ್ಯ ಮೇಷ್ಟರು ಸಂಜೆ ಹೊತ್ತು ಭಾರತ ಓದುತ್ತಿದ್ದರು. ಬ್ಯಾಟರಾಯಪ್ಪನಿಗೆ ಅಕ್ಷರ ಬಾರದು. ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೂತರೆ, ಕಿವಿಗೆ ಬಿದ್ದದ್ದು ಬಿದ್ದ ಹಾಗೇ ಉಳಿಯುತ್ತಿತ್ತು. ಬೆಳಗ್ಗೆ ಅದೇ ಪದ್ಯ ಮಡಕೆ ತಿರುಗಿಸುವ ತಿಗರಿಯ ಮೇಲೆ. ಮೊದಲ ಸಾಲಿಗೆ ಮಣ್ಣಿನ ಮುದ್ದೆ ಬಾಯಿ ಬಿಡುತ್ತಿತ್ತು, ನಡುವಿನ ಸಾಲುಗಳಿಗೆ ಗೋಡೆ ಏಳುತ್ತಿತ್ತು, ಕೊನೆಯ ಸಾಲನ್ನು ಅವನು ಎಳೆದು ಹಾಡಿ ಮುಗಿಸುವುದಕ್ಕೂ ಕಂಠ ಮಡಿಸುವುದಕ್ಕೂ ಸರಿಹೋಗುತ್ತಿತ್ತು. ಪದ್ಯಕ್ಕೊಂದು ಮಡಕೆ ಎಂದು ಊರವರು ನಗುತ್ತಿದ್ದರು. ಈಗ ಪದ್ಯ ಒಳಗೇ ಇತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಪದ್ಯವಿಲ್ಲದೆ ಕೈಗೆ ಅಳತೆ ಸಿಕ್ಕುತ್ತಿರಲಿಲ್ಲ.

ಆದರೂ ಅವನು ಸುಮ್ಮನೆ ಕೂತವನಲ್ಲ. ವೀಳ್ಯ ಬರುವ ಬಹಳ ಮುಂಚೆಯೇ, ಗೋಪಾಲಮ್ಮ ಕೆರೆಯಿಂದ ಮಂಕರಿ ತುಂಬ ಜೇಡಿಮಣ್ಣು ಹೊತ್ತು ಬಂದ ಒಂದು ದಿನ, ಒಳಗೆ ತಿಗರಿ ತಿರುಗುವ ಸದ್ದು ಕೇಳಿತು. ಓಡಿ ಬಂದಳು. ಬ್ಯಾಟರಾಯಪ್ಪ ಕೋಲನ್ನು ಎಡಗೈಯಲ್ಲಿ ಹಿಡಿದು, ತಿಗರಿಯ ಗುಳಿಗೆ ಸಿಕ್ಕಿಸಿ, ತನ್ನ ಕಡೆಗೆ ಎಳೆಯುತ್ತಿದ್ದ. ತಿಗರಿ ಎಡಕ್ಕೆ ತಿರುಗುತ್ತಿತ್ತು.

ಮಂಕರಿ ಅವಳ ತಲೆಯಿಂದ ಇಳಿಯಲಿಲ್ಲ, ಜಾರಿತು. ದೇವರನ್ನು ಸುತ್ತುವ ಹಾಗೆ ಬಲಕ್ಕೆ ತಿರುಗುವುದು ತಿಗರಿ. ಅವಳ ಮಾವ ಹಾಗೇ ತಿರುಗಿಸಿದ್ದ, ಮಾವನ ಅಪ್ಪನೂ ಹಾಗೇ. ಎಡಕ್ಕೆ ಸುತ್ತುವುದು ಹೆಣದ ಸುತ್ತ ಮಾತ್ರ.

"ಏನ್ ಮಾಡ್ತಿದೀಯ ನೀನು?"

ಅವನು ಒದ್ದೆ ಮಾತಿನಲ್ಲಿ ಹೇಳಿದ್ದನ್ನು ಅವಳು ಬಿಡಿಸಿಕೊಂಡಳು. ಮಡಕೆ ಬರ್ತಾವೆ, ಎಂದಿದ್ದ.

ಬಂದವು ಕೂಡ. ಮೊದಮೊದಲು ಸೊಟ್ಟ, ಆಮೇಲೆ ಪರವಾಗಿಲ್ಲ ಎನ್ನುವಂಥವು. ನೀರಿನ ಸಣ್ಣ ಮಡಕೆ, ಕ್ವಾರ್ಟರ್ಸಿನವರ ಹೂವಿನ ಕುಂಡ. ಬೆರಳಿನ ಗೆರೆ ಒಳಗೆ ಯಾವ ಕಡೆಗೆ ಸುತ್ತಿದೆ ಎಂದು ಗೊತ್ತಾಗಬಾರದೆಂದು ಗೋಪಾಲಮ್ಮ ಒದ್ದೆ ತೊಗಲಿನಿಂದ ಉಜ್ಜಿ ಅಳಿಸುತ್ತಿದ್ದಳು. ಹೂವಿನ ಗಿಡಕ್ಕೆ ಬಲ ಯಾವುದು, ಎಡ ಯಾವುದು ಎಂದು ಮನಸ್ಸಿಗೆ ಹೇಳಿಕೊಂಡಳು. ಹೊಟ್ಟೆ ನಡೆಯುತ್ತಿತ್ತು. ಊರಿಗೆ ಗೊತ್ತಿರಲಿಲ್ಲ.

ಐರಣೆ ಮಡಕೆಯನ್ನು ಮಾತ್ರ ಅವನು ಹಾಗೆ ಮಾಡಲೊಲ್ಲ. ವೀಳ್ಯ ಬಂದ ದಿನವೇ ತಲೆ ಅಲ್ಲಾಡಿಸಿದ. ಅದು ಬಲಕ್ಕೇ ತಿರುಗಬೇಕು. ಎಡಗೈಯಿಂದ ಕೋಲನ್ನು ಆಚೆಗೆ ನೂಕಿ ನೋಡಿದ. ತಿಗರಿ ನಾಲ್ಕಾರು ಸುತ್ತು ಹಾಕಿ, ಮುದುಕನ ಹಾಗೆ ಏದುತ್ತಾ ನಿಂತಿತು.

ಜಾಲಹಳ್ಳಿ ಕ್ರಾಸಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಮುಜಫ್ಫರ್ ಅವನ ಹಳೆಯ ಸ್ನೇಹಿತ. ಬ್ಯಾಟರಾಯಪ್ಪ ಕಾಲೆಳೆಯುತ್ತಾ ಅಲ್ಲಿಗೆ ಹೋದ, ಗೋಪಾಲಮ್ಮ ಹಿಂದೆ.

"ಬನ್ನಿ ಬ್ಯಾಟ್ರಾಯಣ್ಣ. ಏನು, ಕೈಗೆ ಪಂಚರ್ ಹಾಕ್ಬೇಕಾ?" ಎಂದ ಮುಜಫ್ಫರ್.

ಬ್ಯಾಟರಾಯಪ್ಪ ಅರ್ಧ ಬಾಯಲ್ಲಿ ನಕ್ಕ. ಲಕ್ವ ಬಂದ ಮೇಲೆ ಅವನ ಕೈಯ ವಿಷಯದಲ್ಲಿ ತಮಾಷೆ ಮಾಡಿದವನು ಇವನೊಬ್ಬನೇ. ಅದಕ್ಕೇ ಅವನು ಅಲ್ಲಿಗೆ ಹೋಗುತ್ತಿದ್ದದ್ದೂ.

ಹಳೇ ಟ್ಯೂಬ್ ಸೀಳಿ ಮುಜಫ್ಫರ್ ಪಟ್ಟಿ ಮಾಡಿಕೊಟ್ಟ. ಬಿದಿರಿನ ಸೀಳುಗಳ ಮೇಲೆ ಆ ಪಟ್ಟಿ ಸುತ್ತಿದರೆ ಸತ್ತ ಕೈ ಕೋಲಿನ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಅದರ ತುದಿಗೆ, ಬೆರಳಿರಬೇಕಾದ ಜಾಗಕ್ಕೆ, ಉಜ್ಜಿ ನುಣುಪು ಮಾಡಿದ ತೆಂಗಿನ ಕರಟದ ಚೂರು. ಮಡಕೆಯನ್ನು ತಿಗರಿಯಿಂದ ಕೊಯ್ದು ತೆಗೆಯಲು ಬ್ರೇಕಿನ ತಂತಿ. ಆಮೇಲೆ ಮುಜಫ್ಫರ್ ಮನೆಗೇ ಬಂದು, ತಿಗರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಗ್ಗಿ ಬಗ್ಗಿ ನೋಡಿದ.

"ಕೆಳಗೆ ನಡುವೆ ಇರೋ ಈ ಗುಂಬಕ್ಕೆ ಹಗ್ಗ ಸುತ್ತಿ ಜೋರಾಗಿ ಎಳೆದ್ರೆ ಬಲಕ್ಕೆ ತಿರುಗ್ತದೆ. ನಿಮ್ ಎಡಗೈ ಖಾಲಿ ಇರ್ತದೆ, ಮಣ್ಣಿಗೆ. ಎಳೆಯೋರು ಒಬ್ರು ಬೇಕು, ಅಷ್ಟೇ. ಅಕ್ಕ ಎಳೀಲಿ."

ಗೋಪಾಲಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ಎಂಗುಸ್ರು ತಿಗರಿ ಮುಟ್ಟಂಗಿಲ್ಲಪ್ಪ," ಎಂದಳು ಗೋಪಾಲಮ್ಮ.

"ತಿಗರಿ ಮುಟ್ಟಿ ಅಂತ ಯಾರು ಹೇಳಿದ್ರು? ಹಗ್ಗ ಹಿಡೀರಿ. ಬಾವಿ ಹಗ್ಗ ಎಳೆದ್ರೆ ಬಾವಿಗೆ ಬಿದ್ದಂಗಾ?"

ಗೋಪಾಲಮ್ಮನಿಗೆ ನಗು ಬಂತು. ಬ್ಯಾಟರಾಯಪ್ಪನಿಗೆ ಬರಲಿಲ್ಲ. ಮಣ್ಣು ತುಳಿಯುವುದು ಅವಳು, ಹಸಿ ಮಡಕೆಯ ಒಳಗೆ ಕಲ್ಲು ಹಿಡಿದು ಹೊರಗೆ ಹಲಗೆಯಿಂದ ತಟ್ಟಿ ಹೊಟ್ಟೆ ಬರಿಸುವುದು ಅವಳು, ಮಡಕೆ ಸುಡುವ ಆವಿಗೆಗೆ ಉರಿ ಇಡುವಾಗ ಜೊತೆಗಿರುವವಳು ಅವಳು. ತಿಗರಿ ಮಾತ್ರ ಬೇರೆ. ಅದಕ್ಕೆ ಬೆಳಗ್ಗೆ ಹೂವೇರಿಸುವವನೂ ಅವನೇ. ಅವನು ಸಂಜೆ ಗುಡಿಗೆ ಹೋಗಿ, ಓದು ಮುಗಿದು ಎಲ್ಲರೂ ಎದ್ದ ಮೇಲೂ ಕೂತಿದ್ದು ಬಂದ. ಕೆಲವು ದಿನ ಹಾಗೇ ಕಳೆಯಿತು. ಆಮೇಲೆ ಒಂದು ಬೆಳಗ್ಗೆ ಹಗ್ಗವನ್ನು ತಾನೇ ಸುತ್ತಿ, ಅದರ ತುದಿಯನ್ನು ಹೊಸಿಲ ಆಚೆ ಒಳಮನೆಗೆ ಎಸೆದ. ಅಲ್ಲಿ ಕೂತು ಎಳೆ ಎಂದು ಅದರ ಅರ್ಥ.

ಅವಳು ಎಳೆದಳು. ಹಗ್ಗ ಗುಂಬದಿಂದ ಬಿಚ್ಚಿಕೊಂಡು ಬಂತು, ತಿಗರಿ ಬಲಕ್ಕೆ ಹೊರಟಿತು. ಆದರೆ ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಎಂಬುದು ಇಬ್ಬರಿಗೂ ತಿಳಿಯದು. ಮಣ್ಣು ಅವನ ಅಂಗೈಯಿಂದ ಹರಿದು ಓಡಿತು. ಗೋಡೆ ಎದ್ದು ಕುಸಿಯಿತು. ಮತ್ತೆ ಎದ್ದಿತು, ಕುಸಿಯಿತು. ಕರಟ ಆಳಕ್ಕೆ ಇಳಿದು ಮಡಕೆಯನ್ನು ಎರಡಾಗಿ ಸೀಳಿತು. ಅವನು ಹೊಸಿಲ ಕಡೆ ನೋಡಿ ಬಾಯಿ ತೆರೆದ. ಪದ್ಯದ ಮೊದಲ ಅಕ್ಷರ ಹೊರಡಿಸಲು ನೋಡುತ್ತಿದ್ದಾನೆಂದು ಅವಳಿಗೆ ತಿಳಿಯಿತು. ಎಂಜಲು ಮಾತ್ರ ಹೊರಟಿತು.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಾಚಿಕೆಯಿಂದ, ಆ ಸಾಲನ್ನು ಹೇಳಿದಳು. ಗುಡಿಯಲ್ಲಿ ಕೂತು ಕೇಳಿದವಳಲ್ಲ. ಮದುವೆಯಾಗಿ ಬಂದಾಗಿನಿಂದ ಒಲೆಯ ಮುಂದೆ ಕೂತು ಗಂಡನ ಬಾಯಿಂದ ಕೇಳಿದವಳು. ಎಲ್ಲವೂ ಅವಳಲ್ಲಿತ್ತು. ಸಾಲು ಶುರುವಾದಾಗ ಹಗ್ಗ ಎಳೆದಳು, ಮುಗಿಯುವಾಗ ಬಿಟ್ಟಳು. ತಿಗರಿಯ ಮೇಲೆ ಮಣ್ಣು ಬಾಯಿ ಬಿಟ್ಟಿತು.

ಆದರೂ ಸುಲಭವಾಗಲಿಲ್ಲ. ಪೂರ್ತಿ ಎತ್ತರ ಒಂದೇ ಏಟಿಗೆ ಬರುತ್ತಿರಲಿಲ್ಲ. ಅವನು ಹಿಂದೆ ಯಾರೂ ಮಾಡದ ಹಾಗೆ ಕೆಳಗಿನ ಅರ್ಧ ಬೇರೆ, ಮೇಲಿನ ಅರ್ಧ ಬೇರೆ ಎತ್ತಿ, ನಡುವೆ ಗಂಜಿಯಷ್ಟು ತೆಳ್ಳಗೆ ಕಲಸಿದ ಮಣ್ಣು ಸವರಿ ಕೂಡಿಸಿದ. ಕೂಡಿಸಿದ ಜಾಗ ಬಿಡದಿರಲೆಂದು ಒದ್ದೆ ಬಟ್ಟೆಯ ಪಟ್ಟಿ ಸುತ್ತಿದ. ಗೋಪಾಲಮ್ಮ ತಟ್ಟಿ ತಟ್ಟಿ ಎರಡನ್ನೂ ಒಂದು ಮಾಡಿದಳು. ಮೊದಲ ಆವಿಗೆಯಲ್ಲಿ ಎಲ್ಲವೂ ಸೊಂಟಕ್ಕೆ ಸರಿಯಾಗಿ ಒಡೆದವು. ಅವನು ಆ ಚೂರುಗಳ ನಡುವೆ ಕೂತು ಒಂದೊಂದರ ಅಂಚನ್ನೂ ಹೆಬ್ಬೆರಳಿನಿಂದ ಸವರಿ ನೋಡಿದ. ಮರುದಿನ ಮಣ್ಣಿಗೆ ಬೂದಿ ಬೆರೆಸಿದ, ಬಟ್ಟೆಯ ಬದಲು ಟ್ಯೂಬಿನ ಪಟ್ಟಿ ಬಿಗಿದ. ಎರಡನೆಯ ಆವಿಗೆಯಿಂದ ಬೇಕಾದಷ್ಟು ಮಡಕೆಗಳು ಇಡಿಯಾಗಿ ಬಂದವು. ಗೆಣ್ಣಿನಿಂದ ತಟ್ಟಿ ಒಂದೊಂದಕ್ಕೂ ಕಿವಿಗೊಟ್ಟ. ಆ ದಿನ ಅವನು ಎರಡು ಮುದ್ದೆ ಉಂಡ.

"ಇನ್ನೊಂದು ಕೆಲ್ಸ ಉಳೀತು," ಎಂದಳು ಗೋಪಾಲಮ್ಮ. "ಮಡಕೆ ತಗಳಕ್ಕೆ ಬಂದೋರು ತಿಗರಿ ಪೂಜೆ ಮಾಡಿ, ಒಂದು ಸುತ್ತು ತಿರುಗ್ಸು ಅಂತಾರೆ. ಅಗ್ಗ ಅವ್ರ ಕಣ್ಣಿಗೆ ಬೀಳಂಗಿಲ್ಲ. ಕೋಲಲ್ಲೇ ತಿರುಗಿಸ್ಬೇಕು. ಎಡಗೈಲಿ ಆಚೆಗೆ ನೂಕ್ಬೇಕು, ಈಚೆಗಲ್ಲ. ನಾಕು ಸುತ್ತು ಬಂದ್ರೆ ಸಾಕು."

ಅವನು ದಿನವೂ ಎದ್ದ ಕೂಡಲೇ ನೂಕಿ ಕಲಿತ. ಆಮೇಲೆ ಹೊಟ್ಟೆಪಾಡಿನ ಕುಂಡಗಳಿಗೆ ಕೂರುತ್ತಿದ್ದ, ಈಚೆಗೆ ಎಳೆಯುತ್ತಿದ್ದ. ನೂಕುವುದು ಎರಡು ನಿಮಿಷ, ಎಳೆಯುವುದು ಇಡೀ ಹಗಲು.

ವಾಲಗ ಬಂತು. ಪಿಳ್ಳಪ್ಪನ ಅಕ್ಕ ಮುನಿಯಲ್ಲಮ್ಮ ಮುಂದೆ, ಅವಳ ಹಿಂದೆ ಅರಿಶಿನ ಕುಂಕುಮದ ತಟ್ಟೆ ಹಿಡಿದ ಹೆಂಗಸರು. ಅಂಗಳ ಸಾರಿಸಿ ರಂಗೋಲಿ ಬಿಟ್ಟಿತ್ತು. ಮಡಕೆಗಳು ಸುಣ್ಣ ಬಳಿದುಕೊಂಡು, ಕೆಂಪು ಗೆರೆ ಹೊತ್ತು, ಹುಲ್ಲಿನ ಸಿಂಬೆಗಳ ಮೇಲೆ ಸಾಲಾಗಿ ಕೂತಿದ್ದವು. ಮುನಿಯಲ್ಲಮ್ಮ ಒಂದನ್ನೆತ್ತಿ ಬಿಸಿಲಿಗೆ ಹಿಡಿದಳು, ತಟ್ಟಿದಳು.

"ಕುಂಬಾರ ಮುರಿದ್ರೂ ಮಡಕೆ ಮುರಿದಿಲ್ಲ ಬುಡು," ಎಂದಳು. ಹೆಂಗಸರು ನಕ್ಕರು. ಬ್ಯಾಟರಾಯಪ್ಪನೂ ನಕ್ಕ. ಒಗೆದ ಪಂಚೆ, ಹಣೆಯಲ್ಲಿ ನಾಮ, ಬಲಗೈ ಶಲ್ಯದ ಒಳಗೆ.

ತಿಗರಿಗೆ ಅರಿಶಿನ ಹಚ್ಚಿದರು, ಹೂವಿಟ್ಟರು, ಆರತಿ ಎತ್ತಿದರು.

"ತಿರುಗ್ಸಪ್ಪ, ಒಳ್ಳೇದಾಗ್ಲಿ," ಎಂದಳು ಮುನಿಯಲ್ಲಮ್ಮ.

ವಾಲಗದವರು ಸ್ವರ ಏರಿಸಿದರು. ಬ್ಯಾಟರಾಯಪ್ಪ ಕೋಲನ್ನು ಗುಳಿಗೆ ಸಿಕ್ಕಿಸಿದ. ಹೊಸಿಲಲ್ಲಿ ನಿಂತಿದ್ದ ಗೋಪಾಲಮ್ಮ ಆಚೆಗೆ, ಆಚೆಗೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಅವನ ಭುಜ ಒಮ್ಮೆ ಬಿಗಿಯಿತು. ಕೈ ಕೋಲನ್ನು ತನ್ನ ಕಡೆಗೆ ಎಳೆಯಿತು.

ತಿಗರಿ ಎಡಕ್ಕೆ ತಿರುಗಿತು. ಜೋರಾಗಿ, ತಡೆಯಿಲ್ಲದೆ, ಹಚ್ಚಿದ ಅರಿಶಿನವೆಲ್ಲ ಒಂದೇ ಬಳೆಯಾಗುವ ಹಾಗೆ ತಿರುಗಿತು. ಅಷ್ಟು ಚೆನ್ನಾಗಿ ತಿರುಗಿತೆಂದು ಬ್ಯಾಟರಾಯಪ್ಪ ಹೆಂಗಸರ ಕಡೆ ತಲೆಯೆತ್ತಿ ನೋಡಿದ. ಅವನ ಅರ್ಧ ಮುಖದಲ್ಲಿ ಸಂತೋಷವಿತ್ತು.

"ನಿಲ್ಸು," ಎಂದಳು ಮುನಿಯಲ್ಲಮ್ಮ.

ವಾಲಗ ಸ್ವಲ್ಪ ತಡವಾಗಿ ನಿಂತಿತು. ತಿಗರಿ ಇನ್ನೂ ತಿರುಗುತ್ತಿತ್ತು.

"ಎಡಸುತ್ತು. ಯಾವಾಗ್ಲಿಂದ ಇಂಗೆ ತಿರುಗಿಸ್ತಿದೀಯ ನೀನು?"

ಬ್ಯಾಟರಾಯಪ್ಪ ಆಗ ತಿಗರಿಯನ್ನು ನೋಡಿದ. ಅದನ್ನು ಅಂಗೈಯಿಂದ ಹಿಡಿದು ನಿಲ್ಲಿಸಲು ಹೋದ. ಕೈಯೆಲ್ಲ ಅರಿಶಿನವಾಯಿತು.

ಗೋಪಾಲಮ್ಮ ಹೊಸಿಲು ದಾಟಿ ಬಂದಳು. "ಅಕ್ಕಯ್ಯ, ಈ ಮಡಕೆ ಅಂಗೆ ಮಾಡಿದ್ದಲ್ಲ. ಇವು ಬಲಸುತ್ತಿಂದು. ಪಟಾಲಮ್ಮನ ಆಣೆ."

"ಆ ಕೈ ಬಲಕ್ಕೆ ಬರಲ್ಲ ಅಂತ ಈಗ ಕಣ್ಣಾರ ನೋಡಿದ್ನಲ್ಲಮ್ಮ."

"ಗೆರೆ ನೋಡಿ, ಒಳಗಡೆ ಗೆರೆ." ಅವಳು ಒಂದು ಮಡಕೆ ಎತ್ತಿ ಅದರ ಬಾಯಿಗೆ ಕೈ ತೂರಿಸಿದಳು. ಒಳಗೆ ನುಣುಪಾಗಿತ್ತು. ಅವಳೇ ಕಲ್ಲು ಹಿಡಿದು ತಟ್ಟಿದ್ದಳು, ಅವಳೇ ತೊಗಲಿನಿಂದ ಉಜ್ಜಿದ್ದಳು. ಬೆರಳು ತಳದವರೆಗೂ ಹೋಯಿತು. ಎಲ್ಲೂ ಏನೂ ಸಿಗಲಿಲ್ಲ.

"ಅಂಗಾದ್ರೆ ಯಾರು ತಿರುಗಿಸಿದ್ರು ಬಲಕ್ಕೆ?"

ಗೋಪಾಲಮ್ಮ ಗಂಡನನ್ನು ನೋಡಿದಳು. ಅವನು ಬೇಡವೆಂದು ತಲೆ ಆಡಿಸುತ್ತಿದ್ದ.

"ನಾನು," ಎಂದಳು. "ತಿಗರಿ ಮುಟ್ಲಿಲ್ಲ. ಅಗ್ಗ ಎಳ್ದೆ."

ಹಿಂದೆ ಯಾರೋ "ಇನ್ನೂ ಚೆಂದಾಯ್ತು" ಎಂದರು. ಇನ್ಯಾರೋ ಕಿಸಕ್ಕೆಂದರು. ಮುನಿಯಲ್ಲಮ್ಮ ನಗಲಿಲ್ಲ. ಅವಳು ಗೋಪಾಲಮ್ಮನ ಕೈಯಲ್ಲಿದ್ದ ಮಡಕೆಯನ್ನು ಇಸಿದುಕೊಂಡು ಸಿಂಬೆಯ ಮೇಲೆ ಮೆಲ್ಲಗೆ, ಒಡೆಯದ ಹಾಗೆ, ಇಟ್ಟಳು.

"ಗೋಪಾಲಿ, ನಿನ್ ಮೇಲೆ ನನಗೇನೂ ಇಲ್ಲ. ಅದು ನನ್ ತಮ್ಮನ ಮಗಳು ಕಣೆ. ನಾಳೆ ಅವಳಿಗೊಂದು ಏನಾದ್ರೂ ಆದ್ರೆ ಈ ಮಡಕೆಯಿಂದ್ಲೇ ಅಂತಾರೆ. ನಾನೂ ಅಂತೀನಿ."

ಬೇಲಿಯ ಆಚೆ ಗಂಡಸರ ಜೊತೆ ನಿಂತಿದ್ದ ಪಿಳ್ಳಪ್ಪನಿಗೆ ಸುದ್ದಿ ಹೋಯಿತು. ಅವನು ಒಳಗೆ ಬರಲಿಲ್ಲ. ಯಲಹಂಕಕ್ಕೆ ಗಾಡಿ ಕಟ್ಟಿ ಎಂದು ಯಾರಿಗೋ ಹೇಳಿದ್ದು ಮಾತ್ರ ಕೇಳಿಸಿತು. ತಂದ ಅಕ್ಕಿ, ಬೆಲ್ಲ, ಎಲೆಯಡಿಕೆಯನ್ನು ಹೆಂಗಸರು ಜಗಲಿಯ ಮೇಲೆ ಸುರಿದು, ಬರಿದಾದ ತಟ್ಟೆಗಳನ್ನು ಹಿಡಿದು ಹೊರಟರು. ವಾಲಗದವರು ನುಡಿಸಬೇಕೋ ಬೇಡವೋ ತಿಳಿಯದೆ ಹಿಂದೆ ಹೋದರು.

ಸಂಜೆ ಗೋಪಾಲಮ್ಮ ಗುಡಿಗೆ ಹೋದಳು. ವೆಂಕಟರಾಮಯ್ಯ ಮೇಷ್ಟರು ಓದಿಗೆ ಕೂರುವ ಮುಂಚೆ ಅವರಿಗೆ ಎಲ್ಲವನ್ನೂ ಹೇಳಿದಳು. ನೀವು ಒಂದು ಮಾತು ಹೇಳಿದರೆ ಕೇಳ್ತಾರೆ ಎಂದಳು.

ಮೇಷ್ಟರು ಕಟ್ಟಿಟ್ಟ ಪುಸ್ತಕದ ಮೇಲೆ ಕೈಯಿಟ್ಟರು. "ಹಗ್ಗ ಎಳೀಬಾರ್ದು ಅಂತ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ, ಗೋಪಾಲಮ್ಮ. ಆದ್ರೆ ಅವರು ಪುಸ್ತಕ ಕೇಳಿ ವಾಪಸ್ ಹೋಗ್ಲಿಲ್ವಲ್ಲ. ಹೆದರಿ ಹೋದ್ರು. ಹೆದರಿಕೆಗೆ ನಾನೇನು ಹೇಳ್ಲಿ?"

ಅವರು ಪುಸ್ತಕ ಬಿಚ್ಚಿದರು. ಅವಳು ಕೂರಲಿಲ್ಲ.

ಆ ಮದುವೆ ಯಲಹಂಕದ ಮಡಕೆಗಳಿಂದ ಆಯಿತು. ಅದರ ಮುಂದಿನದೂ ಹಾಗೇ. ಚೈತ್ರದಲ್ಲಿ ಬಾಗಲಗುಂಟೆಯ ಮದುವೆಯವರು ದಾರಿಯ ಮೇಲೇ ಹಾದುಹೋದರು. ಅವರ ವಾಲಗದವರು ಬ್ಯಾಟರಾಯಪ್ಪನ ಬಾಗಿಲ ಮುಂದೆ ಬಂದಾಗ ನುಡಿಸುವುದನ್ನು ನಿಲ್ಲಿಸಿ, ಮುಂದೆ ಹೋಗಿ ಮತ್ತೆ ನುಡಿಸಿದರು. ಕ್ವಾರ್ಟರ್ಸಿನವರಿಗೂ ಹೇಗೋ ಗೊತ್ತಾಗಿ ಕುಂಡ ಕೇಳುವುದು ಕಡಿಮೆಯಾಯಿತು. ಮುಜಫ್ಫರ್ ಬಂದು ತಲೆ ತಗ್ಗಿಸಿ ಕೂತ. "ನಾನು ಹಗ್ಗ ಅಂತ ಹೇಳ್ಬಾರ್ದಿತ್ತು ಅಕ್ಕ," ಎಂದ. ಬ್ಯಾಟರಾಯಪ್ಪ ಎಡಗೈಯಿಂದ ಅವನ ಮಂಡಿ ತಟ್ಟಿದ. ಆ ದಿನ ಯಾರೂ ತಮಾಷೆ ಮಾಡಲಿಲ್ಲ.

ಸುಣ್ಣ ಬಳಿದ ಮಡಕೆಗಳು ಅಟ್ಟದ ಮೇಲಿದ್ದವು. ಅವನ್ನು ಮಾರುವ ಹಾಗಿಲ್ಲ, ಅಡುಗೆಗೆ ಇಳಿಸುವ ಹಾಗಿಲ್ಲ, ಒಡೆಯಲು ಕೈ ಬರುವುದಿಲ್ಲ.

ಬಿಸಿಲು ಏರುವ ಹೊತ್ತಿಗೆ ಒಂದು ದಿನ ಹನುಮಯ್ಯ ಬೇಲಿಯ ಹತ್ತಿರ ಬಂದು ನಿಂತ. ಪಿಳ್ಳಪ್ಪನ ಹೊಲದ ಪಕ್ಕದ ಹೊಲದವನು. ಮೈಮೇಲೆ ಒಂದೇ ಪಂಚೆ, ಅದೂ ಒದ್ದೆ.

"ಗೋಪಾಲಕ್ಕ, ಒಂದು ಮಡಕೆ ಬೇಕಾಗಿತ್ತು."

"ಒಳೀಕ್ ಬಾರಪ್ಪ. ಯಾಕೆ ಅಲ್ಲೇ ನಿಂತೆ?"

"ಬರಂಗಿಲ್ಲಕ್ಕ. ಅವ್ವ ತೀರ್ಕಂಡ್ಲು, ಬೆಳಗಿನ್ ಜಾವ."

ಅವಳು ಅಯ್ಯೋ ಎಂದಳು. ಹನುಮಯ್ಯನ ತಾಯಿ ಗಂಗರತ್ನಮ್ಮ ಕೂಸು ಉಳಿಯದ ಇವಳ ಬಾಣಂತನಕ್ಕೆ ಬಂದು ನಿಂತವಳು. ಆಮೇಲೆ, ಏಕೆ ಕೇಳಿದಳೋ, ಕೇಳಿದಳು: "ಕ್ರಾಸ್ ಮಡಕೆ ಅಂಗಡೀಲಿ ಸಿಗ್ತಿತ್ತಲ್ಲಪ್ಪ, ಮನೆ ಅತ್ರಾನೇ."

"ಸಿಗ್ತಿತ್ತು. ದೊಡ್ಡೋರು ಅಂದ್ರು, ಸಾವಿನ್ ಮಡಕೆ ನಿಮ್ ಮನೇದೇ ಆಗ್ಬೇಕು ಅಂತ. ಎಡಸುತ್ತಿಂದು ಶ್ರೇಷ್ಠ ಅಂತೆ. ಇನ್ಮೇಲೆ ಊರಿಗೆಲ್ಲ ಇಂಗೇ ಅಂತ ಮಾತಾಡ್ಕಂಡವ್ರೆ." ಅವನ ದನಿಯಲ್ಲಿ ಕುಹಕವಿರಲಿಲ್ಲ. ಒಳ್ಳೆಯ ಸುದ್ದಿ ತಂದವನ ಹಾಗೆಯೇ ಹೇಳಿದ.

ಗೋಪಾಲಮ್ಮ ತಿರುಗಿ ನೋಡಿದಳು. ಬ್ಯಾಟರಾಯಪ್ಪ ಕೇಳಿಸಿಕೊಂಡಿದ್ದ. ಅವನು ಗೋಡೆ ಹಿಡಿದು ಎದ್ದು, ಕಾಲೆಳೆಯುತ್ತಾ ಮೂಲೆಗೆ ಹೋಗಿ, ಅಲ್ಲಿದ್ದ ನೀರಿನ ಮಡಕೆಗಳಲ್ಲಿ ಒಂದನ್ನು ಆರಿಸಿದ. ತಟ್ಟಿ ನೋಡಿ ಬೇಡವೆಂದು ಇಟ್ಟ. ಇನ್ನೊಂದನ್ನು ತಟ್ಟಿ ಕಿವಿಗೊಟ್ಟ. ಅದನ್ನು ತಾನೇ ಬೇಲಿಯವರೆಗೆ ಒಯ್ದು, ಹನುಮಯ್ಯ ಎತ್ತಿಕೊಳ್ಳಲೆಂದು ನೆಲದ ಮೇಲಿಟ್ಟು ಹಿಂದೆ ಸರಿದ.

ಹನುಮಯ್ಯ ಹೋದ ಮೇಲೆ ಅವನು ತಿಗರಿಯ ಮುಂದೆ ಕೂತ. ಮುದ್ದೆ ಇಟ್ಟ, ನೀರು ಚಿಮುಕಿಸಿದ, ಕೋಲು ಸಿಕ್ಕಿಸಿ ಈಚೆಗೆ ಎಳೆದ. ತಿಗರಿ ಚೆನ್ನಾಗಿ ತಿರುಗಿತು. ಬಾಯಿ ಬಿಟ್ಟ ಮಣ್ಣು ನೆಟ್ಟಗೆ ಎದ್ದಿತು, ಎಲ್ಲೂ ನಡುಗಲಿಲ್ಲ. ಅವನು ಅದನ್ನು ನೋಡುತ್ತಿರಲಿಲ್ಲ.

"ಇನ್ನಷ್ಟು ಮಣ್ಣು ಬೇಕಾ?" ಎಂದು ಗೋಪಾಲಮ್ಮ ಕೇಳಿದಳು.

ಅವನು ಹೂಂ ಎಂದ. ಅದೊಂದು ಮಾತು ಸ್ಪಷ್ಟವಾಗಿ ಬಂತು.

ಅವಳು ಮಣ್ಣು ತುಳಿಯಲು ಹೋದಳು. ಊರಿನಲ್ಲಿ ಮುದುಕರು ಇನ್ನೂ ಬೇಕಾದಷ್ಟಿದ್ದರು.